ಕುಡಿಯದವಳು ಬಿಯರ್ ಫೆಸ್ಟಿವಲ್‌ನಲ್ಲಿ ವಾಲಂಟಿಯರ್ ಆಗಬಹುದಾ?

ಸಾಗರದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವು ಕೇಂಬ್ರಿಡ್ಜ್‌ಗೆ ಬಂದು ಎರಡು ವರ್ಷ ಆಯಿತು. ನಮ್ಮ ಯಜಮಾನರು ಇಲ್ಲಿ ಒಂದು ಲ್ಯಾಬ್‌ನಲ್ಲಿದ್ದಾರೆ, ನಾನು ಮನೆಯಿಂದಲೇ ಸ್ವಲ್ಪ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಯುಗಾದಿಗೆ, ದೀಪಾವಳಿಗೆ ನಮ್ಮವರು ಸೇರುತ್ತಾರೆ. ಅದು ಬಿಟ್ಟರೆ ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವವರು ಮೂರೇ ಜನ. ಅದರಲ್ಲಿ ಒಬ್ಬರು ಪಕ್ಕದ ಮನೆಯ ಅಜ್ಜಿ.

ಎಪ್ಪತ್ತು ದಾಟಿದವರು, ರಿಟೈರ್ ಆದ ಟೀಚರ್. ನಾನು ಚಕ್ಕುಲಿ ಹಾಕಿ ಕೊಟ್ಟ ಡಬ್ಬವನ್ನು ಒಂದು ಸಲವೂ ಖಾಲಿ ವಾಪಸ್ ಕೊಟ್ಟವರಲ್ಲ. ಅವರು ಪ್ರತಿ ಮೇ ತಿಂಗಳು ಜೀಸಸ್ ಗ್ರೀನ್ ಮೈದಾನದಲ್ಲಿ ನಡೆಯುವ ಬಿಯರ್ ಫೆಸ್ಟಿವಲ್‌ನಲ್ಲಿ ವಾಲಂಟಿಯರ್ ಆಗಿ ನಿಲ್ಲುತ್ತಾರಂತೆ, ಸುಮಾರು ಇಪ್ಪತ್ತು ವರ್ಷದಿಂದ. ಮೊನ್ನೆ ಬೇಲಿ ಹತ್ತಿರ ನಿಂತು, ಈ ಸಲ ಜನ ಸಾಲುತ್ತಿಲ್ಲ, ನೀನೂ ಬಾ ಅಂದರು. ನಾನು ನಕ್ಕು ಒಳಗೆ ಬಂದೆ. ಆಮೇಲೆ ಎರಡು ದಿನ ಅದೇ ತಲೆಯಲ್ಲಿ ಕೊರೆಯುತ್ತಿದೆ.

ನನಗೆ ಹೋಗಬೇಕು ಅನ್ನಿಸುತ್ತಿದೆ. ಆದರೆ ನಾನು ಕುಡಿಯುವುದಿಲ್ಲ. ಜೀವನದಲ್ಲಿ ಒಂದು ಗುಟುಕೂ ಕುಡಿದಿಲ್ಲ, ಮುಂದೆಯೂ ಕುಡಿಯುವ ಆಸೆ ಇಲ್ಲ. ಕುಡಿಯದವಳು ಅಲ್ಲಿ ನಿಂತು ಏನು ಹೇಳುವುದು? ಯಾರಾದರೂ "ಇದು ಹೇಗಿದೆ" ಅಂತ ಕೇಳಿದರೆ? ಎರಡನೆಯದು, ಇಂಗ್ಲಿಷ್ ಓದಲು ಬರೆಯಲು ಚೆನ್ನಾಗಿ ಬರುತ್ತದೆ, ಆದರೆ ಗಲಾಟೆಯಲ್ಲಿ ಇಲ್ಲಿನವರು ಬೇಗ ಬೇಗ ಮಾತಾಡಿದರೆ ಅರ್ಧ ಹೋಗಿಬಿಡುತ್ತದೆ. ಮೂರನೆಯದು, ನಾವು ಸಸ್ಯಾಹಾರಿಗಳು. ಬಿಯರ್‌ಗೆ ಮೀನಿನ ಏನೋ ಹಾಕುತ್ತಾರೆ ಅಂತ ಎಲ್ಲೋ ಓದಿದ ನೆನಪು, ಅದು ನಿಜವಾ? ಅಲ್ಲಿ ಯಾರಾದರೂ ನನ್ನನ್ನೇ ಕೇಳಿದರೆ ಉತ್ತರ ಗೊತ್ತಿರಬೇಕಲ್ವಾ.

ಇನ್ನು ಅಮ್ಮ. ನಮ್ಮ ಊರಲ್ಲಿ ಬಾರ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದ ಕಪ್ಪು ಗಾಜಿನ ಅಂಗಡಿ. ಅದರ ಮುಂದೆ ಹೆಂಗಸರು ನಡೆಯುವುದೇ ಇಲ್ಲ, ಆಚೆ ಬದಿಗೆ ದಾಟಿ ಹೋಗುತ್ತೇವೆ. "ನಿನ್ನ ಮಗಳು ಬಾರ್‌ನಲ್ಲಿ ನಿಂತಿದ್ದಾಳೆ" ಅನ್ನುವ ಮಾತು ಅಮ್ಮನ ಕಿವಿಗೆ ಬೀಳುವುದು ನನಗೆ ಇಷ್ಟ ಇಲ್ಲ. ಹಾಗಂತ ಅವಳ ಹತ್ತಿರ ಸುಳ್ಳು ಹೇಳುವುದೂ ಇಷ್ಟ ಇಲ್ಲ. ಯಾರಾದರೂ ಮಾಡಿದ್ದೀರಾ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಕ್ಯಾಮ್_ದಂಡೆ

ಹೋಗಿ ತಂಗಿ, ಖಂಡಿತ ಹೋಗಿ. ನಾನು ಮೈಸೂರಿನವಳು, ಇದೇ ಊರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಅದೇ ಮೈದಾನದಲ್ಲಿ ಎಂಟು ಸಲ ಕೆಲಸ ಮಾಡಿದ್ದೇನೆ. ನಾನು ಕುಡಿಯುತ್ತೇನೆ, ಕಮ್ಮಿ. ನನ್ನ ಜೊತೆಯವರಲ್ಲಿ ಗ್ಲಾಸ್ ಕೌಂಟರ್‌ನಲ್ಲಿ ನಿಲ್ಲುವ ಇಬ್ಬರು ಹನಿಯೂ ಮುಟ್ಟುವುದಿಲ್ಲ. ಅವರನ್ನು ಯಾಕೆ ಅಂತ ಇವತ್ತಿನವರೆಗೆ ಯಾರೂ ಕೇಳಿದ್ದು ನಾನು ನೋಡಿಲ್ಲ.

ಇದು ಏನು ಅಂತ ಮೊದಲು ಹೇಳುತ್ತೇನೆ, ಅಮ್ಮನಿಗೆ ಹೇಳಲೂ ಸುಲಭ ಆಗುತ್ತದೆ. ಇದನ್ನು ನಡೆಸುವುದು ಯಾವ ಬಿಯರ್ ಕಂಪನಿಯೂ ಅಲ್ಲ. ಕ್ಯಾಮ್ರಾ ಅಂತ ಕುಡಿಯುವವರದ್ದೇ ಒಂದು ಸಂಘ ಇದೆ, ಕ್ಯಾಂಪೇನ್ ಫಾರ್ ರಿಯಲ್ ಏಲ್. 1971ರಲ್ಲಿ ನಾಲ್ಕು ಜನ ಗೆಳೆಯರು ಶುರು ಮಾಡಿದ್ದು. ಆಗ ಇಲ್ಲಿನ ದೊಡ್ಡ ಕಂಪನಿಗಳು ಸೋಸಿ, ಬಿಸಿ ಮಾಡಿ, ಗ್ಯಾಸ್ ತುಂಬಿದ ಬಿಯರನ್ನೇ ಎಲ್ಲಾ ಕಡೆ ಇಟ್ಟು, ಪೀಪಾಯಿಯಲ್ಲೇ ಹುದುಗುತ್ತಾ ಪಕ್ವ ಆಗುವ ಹಳೆಯ ಕಾಲದ ಬಿಯರನ್ನು, ಅಂದರೆ ರಿಯಲ್ ಏಲನ್ನು, ಮೂಲೆಗೆ ತಳ್ಳುತ್ತಿದ್ದವು. ಅದನ್ನು ಉಳಿಸಬೇಕು ಅಂತ ಸಾಮಾನ್ಯ ಜನ ಕಟ್ಟಿದ ಸಂಘ ಇದು. ಕೇಂಬ್ರಿಡ್ಜ್‌ನ ಫೆಸ್ಟಿವಲ್ ಶುರುವಾಗಿದ್ದು 1974ರಲ್ಲಿ, ಊರೊಳಗಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿ. ಇವತ್ತಿಗೂ ಟೆಂಟ್‌ನ ಒಳಗೆ ನಿಂತವರಲ್ಲಿ ಸಂಬಳ ತೆಗೆದುಕೊಳ್ಳುವವರು ಇಲ್ಲ ಅನ್ನಬಹುದು. ಬಾರ್ ಮ್ಯಾನೇಜರ್ ಕೂಡ ವಾಲಂಟಿಯರ್. ನನ್ನ ಪಕ್ಕದಲ್ಲಿ ಒಂದು ವರ್ಷ ಆಸ್ಪತ್ರೆಯ ಡಾಕ್ಟರ್ ಇದ್ದರು, ಇನ್ನೊಂದು ವರ್ಷ ಬಸ್ ಓಡಿಸುವವರು. ಇಬ್ಬರೂ ಒಂದೇ ಟೀ ಶರ್ಟ್ ಹಾಕಿಕೊಂಡು ಒಂದೇ ಬಕೆಟ್ ಎತ್ತುತ್ತಿದ್ದರು. ಊರ ಜಾತ್ರೆಯಲ್ಲಿ ಬಡಿಸುವುದಕ್ಕೆ ನಿಲ್ಲುತ್ತೇವಲ್ಲ, ಹಾಗೆ.

ಕೆಲಸ ಅಂದರೆ ಬಿಯರ್ ಸುರಿಯುವುದು ಒಂದೇ ಅಲ್ಲ. ನಿಮಗೆ ನನ್ನ ಸಲಹೆ, ಮೊದಲ ದಿನ ಗ್ಲಾಸ್ ಕೌಂಟರ್ ಕೇಳಿ. ಬಂದವರು ಮೊದಲು ದುಡ್ಡು ಕೊಟ್ಟು ಗ್ಲಾಸ್ ತೆಗೆದುಕೊಳ್ಳುತ್ತಾರೆ, ಹೋಗುವಾಗ ಬೇಕಾದರೆ ಮನೆಗೆ ಒಯ್ಯುತ್ತಾರೆ, ಇಲ್ಲವಾದರೆ ವಾಪಸ್ ಕೊಟ್ಟು ದುಡ್ಡು ಪಡೆಯುತ್ತಾರೆ. ಬರುವ ಪ್ರತಿಯೊಬ್ಬರೂ ನಿಮ್ಮ ಮುಂದೆಯೇ ಹಾದು ಹೋಗುತ್ತಾರೆ. ಎರಡು ಗಂಟೆಯಲ್ಲಿ ಕಿವಿ ಪಳಗುತ್ತದೆ, ಹೇಳುವ ಮಾತು ನಾಲ್ಕೇ ನಾಲ್ಕು ಇರುತ್ತದೆ. ಚೀಸ್ ಕೌಂಟರ್ ಕೂಡ ಇಲ್ಲಿ ತುಂಬಾ ಜೋರು. ಆದರೆ ಅದರ ಜೊತೆ ಮಾಂಸದ ಪದಾರ್ಥವೂ ಇರಬಹುದು, ಮುಟ್ಟುವುದು ಬೇಡ ಅನ್ನಿಸಿದರೆ ಮೊದಲೇ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಎರಡನೇ ದಿನ ಧೈರ್ಯ ಬಂದ ಮೇಲೆ ಬಾರ್‌ಗೆ ಬನ್ನಿ. ಗ್ಲಾಸ್ ಮೇಲೆ ಗೆರೆಗಳಿರುತ್ತವೆ. ಒಂದು ಪೈಂಟ್ ಅಂದರೆ 568 ಮಿಲಿ, ಅರ್ಧಕ್ಕೆ 284, ಮೂರರಲ್ಲಿ ಒಂದು ಪಾಲಿಗೆ 189. ಗೆರೆ ಮುಟ್ಟುವವರೆಗೆ ಬಿಯರೇ ಇರಬೇಕು, ನೊರೆ ಗೆರೆಯ ಮೇಲೆ. ಗ್ಲಾಸ್ ವಾರೆ ಹಿಡಿದು ನಿಧಾನ ತುಂಬಿಸಿ. ಕಮ್ಮಿ ಕೊಡುವುದು ಇಲ್ಲಿ ನಿಜವಾಗಲೂ ದೊಡ್ಡ ತಪ್ಪು, ಜನ ಅದನ್ನು ನೋಡುತ್ತಿರುತ್ತಾರೆ. ಮಾತು ಕೇಳಿಸದಿದ್ದರೆ ಕೈ ತೋರಿಸಿ ಅನ್ನಿ. ಪ್ರತಿ ಪೀಪಾಯಿಯ ಮೇಲೆ ಬಿಯರ್ ಹೆಸರು, ಮಾಡಿದವರ ಹೆಸರು, ಎಷ್ಟು ಸ್ಟ್ರಾಂಗ್, ಎಷ್ಟು ಬೆಲೆ, ಎಲ್ಲ ಬರೆದ ಚೀಟಿ ಇರುತ್ತದೆ. ಇಲ್ಲಿನವರಿಗೇ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಅಷ್ಟು ಗದ್ದಲ.

"ಇದು ಹೇಗಿದೆ" ಅನ್ನುವ ಪ್ರಶ್ನೆಗೆ ರುಚಿ ಗೊತ್ತಿರಬೇಕು ಅಂತೇನಿಲ್ಲ. ಯಾವ ತರಹ ಇಷ್ಟ ಅಂತ ತಿರುಗಿ ಕೇಳಿ. ಕಪ್ಪಗೆ, ಹುರಿದ ಕಾಫಿ ವಾಸನೆ ಇರುವುದು ಸ್ಟೌಟ್, ಪೋರ್ಟರ್. ಕಂದು ಬಣ್ಣ, ಕಹಿ ಕಮ್ಮಿ, ಹಗುರ ಅಂದರೆ ಮೈಲ್ಡ್. ತಾಮ್ರದ ಬಣ್ಣದ್ದು ಸಾಮಾನ್ಯವಾಗಿ ಬಿಟರ್. ಹೊಂಬಣ್ಣ, ಕಿತ್ತಳೆ ಸಿಪ್ಪೆಯ ಹಾಗೆ ವಾಸನೆ ಬಂದರೆ ಗೋಲ್ಡನ್ ಏಲ್ ಅಥವಾ ಐಪಿಎ. ಇಷ್ಟು ಸಾಕು. ಅನುಮಾನ ಇದ್ದವರಿಗೆ ಒಂದು ಗುಟುಕು ರುಚಿಗೆ ಕೊಡುವುದು ಇಲ್ಲಿ ರೂಢಿ, ಅವರೇ ಕುಡಿದು ಹೇಳುತ್ತಾರೆ.

ಮೀನಿನ ವಿಷಯ ನಿಜ. ಕೆಳಗೆ ಪೀಪಾಯಿ ಕೆಲಸ ಗೊತ್ತಿರುವವರು ಯಾರಾದರೂ ಬರೆಯುತ್ತಾರೆ. ನನ್ನ ಜಾಗ ಸೈಡರ್ ಬಾರ್. ಸೈಡರ್ ಅಂದರೆ ಸೇಬಿನ ರಸ ಹುದುಗಿಸಿದ ಮದ್ಯ, ಪೆರ್ರಿ ಪೇರ್ ಹಣ್ಣಿನದು. ಇಂಗ್ಲೆಂಡಿನ ನಮ್ಮ ಈ ಪೂರ್ವದ ಕಡೆ ಸೈಡರನ್ನು ತಿನ್ನುವ ಸೇಬು, ಅಡುಗೆಯ ಸೇಬಿನಿಂದ ಮಾಡುತ್ತಾರೆ, ಅದಕ್ಕೇ ಹುಳಿ ಮುಂದೆ ಬರುತ್ತದೆ. ಪಶ್ಚಿಮದ ಹೆರಿಫರ್ಡ್, ಸಾಮರ್ಸೆಟ್ ಕಡೆಯದು ಬೇರೆ, ಅಲ್ಲಿ ತಿನ್ನಲಾಗದಷ್ಟು ಒಗರು ಇರುವ ಸೇಬು, ಕುಡಿದರೆ ನಾಲಿಗೆ ಹಿಡಿದ ಹಾಗೆ, ಎಳೆ ಗೇರು ಹಣ್ಣು ಕಚ್ಚಿದ ಹಾಗೆ ಅಂತ ಇಟ್ಟುಕೊಳ್ಳಿ. ಇದನ್ನು ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಆಗುವುದಿಲ್ಲ, ಅಷ್ಟು ಇಷ್ಟ ಈ ಕೆಲಸ.

ಅಮ್ಮನಿಗೆ ಫೋಟೋ ಕಳಿಸಿ. ನದಿ ಪಕ್ಕದ ಮೈದಾನ, ಟೆಂಟ್, ಹುಲ್ಲಿನ ಮೇಲೆ ಮಡಚುವ ಕುರ್ಚಿ ಹಾಕಿ ಕೂತ ಅಜ್ಜ ಅಜ್ಜಿಯರು. ಕಪ್ಪು ಗಾಜು ಇಲ್ಲ.

ಹುಬ್ಬಳ್ಳಿ_ರೆಡಿಂಗ್

ನಮಸ್ಕಾರ ತಂಗೀ. ನಾನು ರೆಡಿಂಗ್‌ನಲ್ಲಿದ್ದೇನೆ, ಈ ಕಡೆಯ ಫೆಸ್ಟಿವಲ್‌ಗಳಲ್ಲಿ ಪೀಪಾಯಿ ಕೆಲಸ ಮಾಡುತ್ತೇನೆ. ಬಾಗಿಲು ತೆಗೆದ ಮೇಲಿನ ಕೆಲಸಕ್ಕೆ ಎಲ್ಲರೂ ಬರುತ್ತಾರೆ. ಅದಕ್ಕೆ ಮುಂಚಿನ ಐದಾರು ದಿನಕ್ಕೆ ಮತ್ತು ಮುಗಿದ ಮರುದಿನಕ್ಕೆ ಯಾರೂ ಸಿಗುವುದಿಲ್ಲ ನೋಡ್ರಿ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಪೀಪಾಯಿ ಅಂದರೆ ಈಗ ಮರದ್ದು ಅಪರೂಪ, ಬಹಳ ಮಾಡಿ ಸ್ಟೀಲಿನದು. ಹೆಚ್ಚಾಗಿ ಬರುವುದು ಫರ್ಕಿನ್, 9 ಗ್ಯಾಲನ್, ಅಂದರೆ 72 ಪೈಂಟ್, ಸುಮಾರು 41 ಲೀಟರ್. ಸ್ಟೀಲ್ ಸೇರಿ ಐವತ್ತು ಕೆಜಿ ಆಸುಪಾಸು ತೂಗುತ್ತದೆ. ಅದನ್ನು ಒಬ್ಬರೇ ಎತ್ತಬಾರದು, ಎಷ್ಟೇ ಗಟ್ಟಿ ಇದ್ದರೂ. ಒಂದು ಫೆಸ್ಟಿವಲ್‌ನಲ್ಲಿ ಗಡಿಬಿಡಿಯಲ್ಲಿ ನಾನು ಒಬ್ಬನೇ ಎತ್ತಿ ಮೂರು ವಾರ ಸೊಂಟ ಹಿಡಿದುಕೊಂಡು ಮಲಗಿದ್ದೆ, ಪಕ್ಕದಲ್ಲಿ ಒಬ್ಬ ಮ್ಯಾನೇಜರ್ ನಿಂತು ನೋಡುತ್ತಿದ್ದರೂ ಬೇಡ ಅನ್ನಲಿಲ್ಲ. ಈಗ ನನ್ನ ತಂಡದಲ್ಲಿ ಹೊಸಬರು ಬಂದರೆ ಮೊದಲ ಮಾತು ಅದೇ.

ಪೀಪಾಯಿಯನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿಸುತ್ತೇವೆ. ಇದಕ್ಕೆ ಸ್ಟಿಲೇಜ್ ಅನ್ನುತ್ತಾರೆ. ಮಲಗಿಸಿದ ಮೇಲೆ ಅಲುಗಿಸುವಂತಿಲ್ಲ, ಯಾಕೆಂದರೆ ಒಳಗೆ ಯೀಸ್ಟ್ ಇನ್ನೂ ಜೀವಂತ ಇದೆ, ಅದು ತಳಕ್ಕೆ ಕೂರಬೇಕು. ಮೇಲಿನ ತೂತಿಗೆ ಮೆದು ಮರದ ಅಥವಾ ಬಿದಿರಿನ ಸಣ್ಣ ಗೂಟ ಹೊಡೆಯುತ್ತೇವೆ, ಅದರ ಮೂಲಕ ಗ್ಯಾಸ್ ಮೆಲ್ಲಗೆ ಹೊರಗೆ ಬರುತ್ತದೆ, ಒಮ್ಮೊಮ್ಮೆ ನೊರೆ ಉಕ್ಕಿ ಹರಿಯುತ್ತದೆ. ಉಕ್ಕುವುದು ನಿಂತ ಮೇಲೆ ಗಟ್ಟಿ ಗೂಟ ಹಾಕಿ ಮುಚ್ಚುತ್ತೇವೆ. ಮುಂದಿನ ತೂತಿಗೆ ನಲ್ಲಿ ಇಟ್ಟು ಮರದ ಸುತ್ತಿಗೆಯಿಂದ ಒಂದೇ ಏಟು. ಅಂಜಿ ಅಂಜಿ ಎರಡು ಸಲ ಹೊಡೆದರೆ ಬಿಯರ್ ಮುಖಕ್ಕೆ ಬರುತ್ತದೆ. ನನ್ನ ಮೊದಲ ಏಟು ವಾರೆ ಹೋದಾಗ ಎಂಬತ್ತು ವರ್ಷದ ಒಬ್ಬರು ಓಡಿ ಬಂದು ಅಂಗೈ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸುತ್ತಿಗೆ ತೆಗೆದುಕೊಂಡು ಸರಿ ಮಾಡಿದರು. ಬೈಯಲಿಲ್ಲ. ಮುಂದಿನ ಪೀಪಾಯಿಗೆ ಸುತ್ತಿಗೆಯನ್ನು ತಿರುಗಿ ನನ್ನ ಕೈಗೇ ಕೊಟ್ಟರು. ಅವತ್ತಿನಿಂದ ಈ ಕೆಲಸ ನನ್ನದು ಅನ್ನಿಸಿಬಿಟ್ಟಿತು.

ತಂಪು ಇಡುವುದು ಇನ್ನೊಂದು ಯುದ್ಧ. ಬಿಯರ್ 11ರಿಂದ 13 ಡಿಗ್ರಿಯಲ್ಲಿರಬೇಕು, ಆದರೆ ಮೇ ತಿಂಗಳ ಬಿಸಿಲಿಗೆ ಟೆಂಟ್ ಒಲೆಯ ಹಾಗೆ ಕಾಯುತ್ತದೆ. ತಣ್ಣೀರು ಓಡುವ ಕೊಳವೆ ಹಾಕುತ್ತಾರೆ, ಮೇಲೆ ಹೊದಿಕೆ. ಅದು ಇಲ್ಲದ ಸಣ್ಣ ಕಡೆ ಒದ್ದೆ ಬಟ್ಟೆ ಹೊದಿಸಿ ಪದೇ ಪದೇ ನೀರು ಚಿಮುಕಿಸುತ್ತೇವೆ. ನಮ್ಮ ಮನೆಯಲ್ಲಿ ಬೇಸಿಗೆಗೆ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಲ್ಲ, ಅದೇ ಲೆಕ್ಕ. ಒಮ್ಮೆ ಗಾಳಿ ಒಳಗೆ ಹೋದರೆ ಮೂರು ದಿನದ ಮೇಲೆ ರುಚಿ ಕೆಡುತ್ತಾ ಬರುತ್ತದೆ, ಅದಕ್ಕೇ ಯಾವುದನ್ನು ಯಾವಾಗ ತೆರೆಯಬೇಕು ಅನ್ನುವುದೇ ಒಂದು ವಿದ್ಯೆ.

ಈಗ ಮೀನು. ಯೀಸ್ಟ್ ಬೇಗ ತಳ ಸೇರಲಿ ಅಂತ ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಒಳಗಿನ ಗಾಳಿ ಚೀಲದಿಂದ ಮಾಡಿದ್ದು. ಯೀಸ್ಟ್ ಜೊತೆ ಅಂಟಿ ಕೆಳಗೆ ಕೂರುತ್ತದೆ, ಗ್ಲಾಸಿಗೆ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆದರೂ ಸಸ್ಯಾಹಾರಿಗಳು ಬೇಡ ಅಂದರೆ ಅದು ಅವರ ಹಕ್ಕು. ಈಗ ಇದನ್ನು ಹಾಕದೆ ಬಿಯರ್ ಮಾಡುವ ಬ್ರೂವರಿಗಳು ಸಾಕಷ್ಟಿವೆ. ಅಂಥ ಬಿಯರ್ ಸ್ವಲ್ಪ ಮಸುಕಾಗಿ ಕಾಣಬಹುದು, ಕೆಟ್ಟಿದೆ ಅಂತಲ್ಲ. ಯಾರಾದರೂ ಕೇಳಿದರೆ ಅಂದಾಜಿಗೆ ಉತ್ತರ ಕೊಡಬೇಡಿ. ಪಟ್ಟಿ ನೋಡಿ, ಇಲ್ಲವೇ ನಮ್ಮಂಥವರನ್ನು ಕರೆಯಿರಿ.

ಇನ್ನೊಂದು. ನೀವು ಭಾರತದವರು ಅಂದ ಕೂಡಲೇ ಯಾರಾದರೂ ಐಪಿಎ ಬಗ್ಗೆ ಕೇಳುತ್ತಾರೆ, ಇಂಡಿಯಾ ಪೇಲ್ ಏಲ್. 18ನೇ ಶತಮಾನದ ಕೊನೆಯಲ್ಲಿ ಲಂಡನ್ ಪೂರ್ವದ ಬೋ ಎಂಬಲ್ಲಿ ಹಾಡ್ಜ್‌ಸನ್ ಎನ್ನುವವರ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಿಯರ್ ಭಾರತಕ್ಕೆ ಹೋಗುತ್ತಿತ್ತು. ಆಮೇಲೆ 1820ರ ದಶಕದಲ್ಲಿ ಇಂಗ್ಲೆಂಡಿನದೇ ಬರ್ಟನ್ ಊರಿನ ಬ್ರೂವರಿಗಳವರು ಆ ವ್ಯಾಪಾರಕ್ಕೆ ಇಳಿದರು, ಅಲ್ಲಿನ ಬಾವಿ ನೀರಿನಲ್ಲಿರುವ ಜಿಪ್ಸಂ ಎಂಬ ಖನಿಜ ಆ ಬಿಯರ್‌ಗೆ ಚೆನ್ನಾಗಿ ಹೊಂದಿತು. ಕುಡಿದವರು ಭಾರತದಲ್ಲಿದ್ದ ಬ್ರಿಟಿಷರು, ನಮ್ಮ ಅಜ್ಜಂದಿರಲ್ಲ. ಇಷ್ಟು ಹೇಳಿದರೆ ಕೇಳಿದವರು ನಿಮ್ಮ ಜೊತೆ ಹತ್ತು ನಿಮಿಷ ನಿಂತು ಮಾತಾಡುತ್ತಾರೆ.

ಎಂಎಸ್ಸಿ_ಲೀಡ್ಸ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸ್ಟೂಡೆಂಟ್ ವೀಸಾದಲ್ಲಿದ್ದೇನೆ. ವಾರಕ್ಕೆ 20 ಗಂಟೆ ಮಿತಿ ಇದೆಯಲ್ಲ, ಇದೂ ಅದರಲ್ಲಿ ಸೇರುತ್ತದಾ? ದುಡ್ಡೇ ಕೊಡುವುದಿಲ್ಲ ಅಂದ ಮೇಲೆ ತೊಂದರೆ ಇರಬಾರದು ಅಂತ ನನ್ನ ಲೆಕ್ಕ. ಮತ್ತೆ ನನ್ನ ಅಪ್ಪ ಅಮ್ಮ ಮೇ ತಿಂಗಳು ವಿಸಿಟ್‌ಗೆ ಬರುತ್ತಾರೆ, ಅಪ್ಪನಿಗೆ ಸುಮ್ನೆ ಕೂರಲು ಆಗುವುದಿಲ್ಲ, ಅವರೂ ಒಂದು ದಿನ ನಿಲ್ಲಬಹುದಾ?

ಕ್ಯಾಮ್_ದಂಡೆ

ದುಡ್ಡು ಇಲ್ಲ ಅನ್ನುವುದೊಂದೇ ಲೆಕ್ಕ ಅಲ್ಲ ತಮ್ಮಾ. ಇಲ್ಲಿ ವಾಲಂಟಿಯರಿಂಗ್ ಬೇರೆ, ವಾಲಂಟರಿ ವರ್ಕ್ ಬೇರೆ. ಇಷ್ಟೇ ಗಂಟೆ ಬರಲೇಬೇಕು ಅನ್ನುವ ಕರಾರು ಇದ್ದು, ಸಂಬಳದವರು ಮಾಡಬೇಕಾದ ಕೆಲಸವನ್ನು ಮಾಡಿದರೆ ಅದು ವಾಲಂಟರಿ ವರ್ಕ್, ಅದು 20 ಗಂಟೆಯೊಳಗೆ ಸೇರುತ್ತದೆ. ನಿಮ್ಮ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಮೇಲ್ ಹಾಕಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ವೀಸಾ ವಿಷಯದಲ್ಲಿ ಯಾರೋ ಹೇಳಿದರು ಅಂತ ಹೋಗಬೇಡಿ, ನಾನು ಹೇಳಿದೆ ಅಂತಲೂ ಹೋಗಬೇಡಿ.

ಅಪ್ಪನನ್ನು ನಿಲ್ಲಿಸಬೇಡಿ. ವಿಸಿಟ್ ವೀಸಾದವರು ನೋಂದಣಿ ಆದ ಚಾರಿಟಿಗೆ ಮಾತ್ರ, ಅದೂ 30 ದಿನದ ಒಳಗೆ, ವಾಲಂಟಿಯರ್ ಆಗಬಹುದು. ಕ್ಯಾಮ್ರಾ ಚಾರಿಟಿ ಅಲ್ಲ, ಲಾಭಕ್ಕಲ್ಲದ ಒಂದು ಕಂಪನಿ. ಅಪ್ಪ ಅಮ್ಮ ಟಿಕೆಟ್ ತೆಗೆದುಕೊಂಡು ಬಂದು ನೋಡಲಿ. ಸಾಗರದ ತಂಗಿಗೆ ಡಿಪೆಂಡೆಂಟ್ ವೀಸಾ ಇದ್ದರೆ ಈ ಚಿಂತೆ ಇಲ್ಲ, ಅವರು ಕೆಲಸವನ್ನೇ ಮಾಡಬಹುದು.

ತುಮಕೂರಿನವ

ಎಲ್ಲರೂ ಹೋಗಿ ಹೋಗಿ ಅನ್ನುತ್ತಿದ್ದೀರಿ. ನನಗೆ ಮನಸ್ಸು ಒಪ್ಪುತ್ತಿಲ್ಲ, ಹೇಳಿಬಿಡುತ್ತೇನೆ. ಜಾತ್ರೆಯಲ್ಲಿ ಬಡಿಸುವುದಕ್ಕೂ ಬಿಯರ್ ಸುರಿಯುವುದಕ್ಕೂ ಹೋಲಿಕೆ ಮಾಡಿದ್ದು ಸರಿ ಕಾಣಲಿಲ್ಲ ಅಕ್ಕ. ನಮ್ಮ ಚಿಕ್ಕಪ್ಪ ಕುಡಿದು ಕುಡಿದು ನಲವತ್ತೊಂದಕ್ಕೆ ಹೋದರು. ಚಿಕ್ಕಮ್ಮ ಎರಡು ಮಕ್ಕಳನ್ನು ಬೀಡಿ ಕಟ್ಟಿ ಓದಿಸಿದರು. ಒಂದು ತಟ್ಟೆ ಅನ್ನ ಜಾಸ್ತಿ ಬಡಿಸಿದರೆ ಯಾರ ಮನೆಯೂ ಹಾಳಾಗುವುದಿಲ್ಲ. ಜನರ ಪರಿಚಯ ಆಗಬೇಕು ಅಂದರೆ ಫುಡ್ ಬ್ಯಾಂಕ್ ಇದೆ, ಲೈಬ್ರರಿ ಇದೆ, ನಮ್ಮ ಕನ್ನಡ ಬಳಗದಲ್ಲೇ ರಾಜ್ಯೋತ್ಸವಕ್ಕೆ ಕುರ್ಚಿ ಹಾಕಲು ಜನ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದು ಹೇಳಿದೆ.

ಕ್ಯಾಮ್_ದಂಡೆ

ಬೇಜಾರು ಯಾಕೆ ಅಣ್ಣ. ನೀವು ಹೇಳಿದ್ದು ಸರಿ, ಅನ್ನಕ್ಕೂ ಇದಕ್ಕೂ ಹೋಲಿಸಬಾರದಿತ್ತು. ಚಿಕ್ಕಮ್ಮನ ಕಷ್ಟ ಕೇಳಿ ತುಂಬಾ ನೋವಾಯಿತು.

ಒಂದು ವಿಷಯ ಮಾತ್ರ ಹೇಳುತ್ತೇನೆ. ಇಲ್ಲಿ ಅಮಲೇರಿದವರಿಗೆ ಇನ್ನೊಂದು ಗ್ಲಾಸ್ ಮಾರಿದರೆ ಅದು ಅಪರಾಧ, 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲೇ ಇದೆ, ಮತ್ತು ಆ ಹೊಣೆ ನಲ್ಲಿ ಹಿಡಿದು ನಿಂತವರ ಮೇಲೂ ಬರುತ್ತದೆ. 18 ತುಂಬದವರಿಗೂ ಕೊಡುವಂತಿಲ್ಲ. 25ಕ್ಕಿಂತ ಚಿಕ್ಕವರ ಹಾಗೆ ಕಂಡರೆ, ಕೆಲವು ಕಡೆ 21, ಗುರುತಿನ ಚೀಟಿ ಕೇಳಲೇಬೇಕು. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಕೌಂಟರ್ ಹಿಂದೆ ಎಚ್ಚರವಾಗಿರುವವರು ನಮಗೆ ಬೇಕು. ನಾನು ಎಂಟು ವರ್ಷದಲ್ಲಿ ಎಷ್ಟೋ ಜನರಿಗೆ ಇಲ್ಲ ಅಂದಿದ್ದೇನೆ, ನೀರಿನ ಜಗ್ ಮುಂದಿಟ್ಟಿದ್ದೇನೆ, ಒಬ್ಬರನ್ನು ಅವರ ಮಗಳು ಬರುವವರೆಗೆ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಇದರಿಂದ ನಿಮ್ಮ ಮಾತಿಗೆ ಉತ್ತರ ಆಯಿತು ಅಂತ ನಾನು ಹೇಳುವುದಿಲ್ಲ. ಕುರ್ಚಿ ಹಾಕಲು ನಾನು ಬರುತ್ತೇನೆ, ನಿಮ್ಮ ಬಳಗ ಎಲ್ಲಿ ಅಂತ ಮೆಸೇಜ್ ಮಾಡಿ.

ಸಾಗರದ_ಹುಡುಗಿ

ತುಂಬಾ ದಿನ ಆಯಿತು, ಉತ್ತರ ಬರೆಯಲು ತಡ ಮಾಡಿದೆ. ಹೋಗಿ ಬಂದೆ! ಎಲ್ಲರಿಗೂ ಹೇಳಬೇಕು ಅಂತ ಕೂತಿದ್ದೇನೆ.

ಮಂಗಳವಾರ ಸಂಜೆ ಗ್ಲಾಸ್ ಕೌಂಟರ್, ಗುರುವಾರ ಸಂಜೆ ಬಾರ್, ಭಾನುವಾರ ಎಲ್ಲ ಬಿಚ್ಚುವ ಕೆಲಸ. ಗ್ಲಾಸ್ ಕೌಂಟರ್ ಬಗ್ಗೆ ಅಕ್ಕ ಹೇಳಿದ್ದು ಅಕ್ಷರ ಅಕ್ಷರ ನಿಜ. ಮೊದಲ ಅರ್ಧ ಗಂಟೆ ಪ್ರತಿ ಮಾತಿಗೂ "ಏನು?" ಅಂತ ಕೇಳುತ್ತಿದ್ದೆ. ಎಂಟು ಗಂಟೆ ಹೊತ್ತಿಗೆ ಅವರು ಬಾಯಿ ತೆರೆಯುವ ಮೊದಲೇ ಏನು ಬೇಕು ಅಂತ ತಿಳಿಯುತ್ತಿತ್ತು. ನಾನು ಹೋಗುವ ಲೈಬ್ರರಿಯ ಕೌಂಟರ್‌ನಲ್ಲಿ ಕೂರುವ ಹೆಂಗಸೊಬ್ಬರು ಬಂದರು, ನನ್ನನ್ನು ನೋಡಿ ಅವರ ಕಣ್ಣು ಇಷ್ಟಗಲ ಆಯಿತು. ಗಂಡನನ್ನು ಕರೆದು ಪರಿಚಯ ಮಾಡಿಸಿದರು.

ಗುರುವಾರ ಹೆದರಿಕೆ ಆಗಿತ್ತು. ನನ್ನ ಕೈಗೆ ಆರು ಪೀಪಾಯಿ ಕೊಟ್ಟರು. ಚೀಟಿ ಓದಿದೆ, ಪ್ರತಿಯೊಂದರ ವಾಸನೆ ನೋಡಿದೆ. ಅದರಲ್ಲಿ ಒಂದು ನಿಜವಾಗಲೂ ನಮ್ಮ ಕಾಫಿ ಪುಡಿ ಡಬ್ಬ ತೆರೆದ ಹಾಗೆ ಇತ್ತು. ಒಬ್ಬರು ಯಜಮಾನರು ಬಂದು, ನಿನಗೆ ಯಾವುದು ಇಷ್ಟ ಅಂತ ಕೇಳಿದರು. ನಾನು ಕುಡಿಯುವುದಿಲ್ಲ, ಆದರೆ ಈ ಕಪ್ಪು ಬಣ್ಣದ್ದನ್ನು ಕುಡಿದವರಲ್ಲಿ ನಾಲ್ಕು ಜನ ತಿರುಗಿ ಅದಕ್ಕೇ ಬಂದರು, ಈ ಪಕ್ಕದ್ದಕ್ಕೆ ಯಾರೂ ಎರಡನೇ ಸಲ ಬರಲಿಲ್ಲ ಅಂದೆ. ಅವರು ಇದಕ್ಕಿಂತ ಒಳ್ಳೆಯ ಉತ್ತರ ಈವರೆಗೆ ಸಿಕ್ಕಿಲ್ಲ ಅಂತ ಹೇಳಿ ಕಪ್ಪನ್ನೇ ತೆಗೆದುಕೊಂಡರು. ಮುಕ್ಕಾಲು ಗಂಟೆ ಬಿಟ್ಟು ಅವರೂ ಅದಕ್ಕೇ ವಾಪಸ್ ಬಂದರು, ಐದನೆಯವರು.

ಒಬ್ಬ ಹುಡುಗ ಗುರುತಿನ ಚೀಟಿ ತೋರಿಸಲಿಲ್ಲ. ಮನೆಯಲ್ಲಿದೆ ಅಂದ, ಆಮೇಲೆ ದನಿ ಜೋರು ಮಾಡಿದ. ನನಗೆ ಕೈ ನಡುಗುತ್ತಿತ್ತು, ಆದರೂ ಇಲ್ಲ ಅಂದೆ. ಆ ಕ್ಷಣದಲ್ಲೇ ಬಾರ್ ಮ್ಯಾನೇಜರ್ ನನ್ನ ಭುಜದ ಪಕ್ಕ ಬಂದು ನಿಂತರು, ಒಂದು ಮಾತೂ ಆಡಲಿಲ್ಲ, ಸುಮ್ಮನೆ ನಿಂತರು ಅಷ್ಟೇ. ಅವನು ಹೋದ. ತುಮಕೂರಿನ ಅಣ್ಣ, ಆಗ ನಿಮ್ಮ ಚಿಕ್ಕಮ್ಮನ ನೆನಪು ಬಂತು. ನಿಮ್ಮ ಮಾತು ನಾನು ಮರೆತಿಲ್ಲ. ರಾಜ್ಯೋತ್ಸವಕ್ಕೆ ನಾನೂ, ಯಜಮಾನರೂ ಬರುತ್ತೇವೆ.

ಐಪಿಎ ಪ್ರಶ್ನೆ ಎರಡು ಸಲ ಬಂತು. ಎರಡು ಸಲವೂ ಹೇಳಿದೆ!

ಅಮ್ಮನಿಗೆ ಹೋಗುವ ಮೊದಲೇ ಎಲ್ಲ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಆ ಅಜ್ಜಿಯೂ ಬರುತ್ತಾರಾ ಅಂದಳು, ಹೂಂ ಅಂದೆ, ಸರಿ ಹಾಗಾದರೆ ಅಂದಳು. ಗುರುವಾರ ರಾತ್ರಿ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ, ಅಷ್ಟು ಜನ ಕುಡಿದ ಗ್ಲಾಸನ್ನು ಬಿಸಿ ನೀರಲ್ಲಿ ತೊಳೆಯುತ್ತಾರಾ ಅಂತ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗು ಅಂದಳು.

ಭಾನುವಾರದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ ಆಯಿತು. ಜನ ಇಲ್ಲ, ಸಂಗೀತ ಇಲ್ಲ. ಖಾಲಿ ಪೀಪಾಯಿ ಉರುಳಿಸುವ ಸದ್ದು, ಹುಲ್ಲಿನ ಮೇಲೆ ಟೆಂಟ್ ಇದ್ದ ಕಡೆ ಹಳದಿ ಚೌಕ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ನಿಜಕ್ಕೂ ಕೈ ಸಾಲಲಿಲ್ಲ, ನಾವು ಹದಿನೈದು ಜನರೂ ಇರಲಿಲ್ಲ. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಉಳಿದ ಬ್ರೆಡ್, ಚೀಸ್ ತಿಂದೆವು. ನಾನು ಚಿತ್ರಾನ್ನ ಒಯ್ದಿದ್ದೆ, ಡಬ್ಬ ಸುತ್ತು ಹೊಡೆದು ಖಾಲಿಯಾಗಿ ಬಂತು. ಮೊನ್ನೆ ಸೈಕಲ್ ಮೇಲೆ ಹೋಗುತ್ತಿದ್ದವರೊಬ್ಬರು ರಸ್ತೆಯ ಆ ಕಡೆಯಿಂದ ನನ್ನ ಹೆಸರು ಕೂಗಿ ಕೈ ಬೀಸಿದರು. ಯಾರು ಅಂತ ನೆನಪಾಗಲು ಒಂದು ನಿಮಿಷ ಬೇಕಾಯಿತು, ಅವತ್ತು ನನ್ನ ಜೊತೆ ಟೇಬಲ್ ಮಡಚಿದವರು.

ಮುಂದಿನ ವರ್ಷ ಸೆಟಪ್ ದಿನಗಳಿಗೂ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ. ಸುತ್ತಿಗೆ ಹಿಡಿಯಬೇಕು ಅಂತ ಆಸೆ. ಅಲ್ಲಿ ಮುಂಭಾಗಕ್ಕೆ ಸ್ಟೀಲ್ ಇರುವ ಶೂ ಹಾಕಿರಬೇಕಂತೆ, ಅಂಗಡಿಯಲ್ಲಿ ನೋಡಿದರೆ ಎಲ್ಲವೂ ಗಂಡಸರ ಅಳತೆ. ಹುಬ್ಬಳ್ಳಿ ಅಣ್ಣ, ಸೈಜ್ ನಾಲ್ಕರದ್ದು ಎಲ್ಲಿ ಸಿಗುತ್ತದೆ ಅಂತ ಗೊತ್ತಾ?

ಹುಬ್ಬಳ್ಳಿ_ರೆಡಿಂಗ್

ಸಿಗುತ್ತದೆ ತಂಗೀ. ಕಟ್ಟಡ ಕೆಲಸದವರ ಸಾಮಾನು ಮಾರುವ ಅಂಗಡಿಗೆ ಹೋಗಿ ಹೆಂಗಸರ ಸೇಫ್ಟಿ ಬೂಟ್ ಅಂತ ಕೇಳಿ, ಇಲ್ಲದಿದ್ದರೆ ತರಿಸಿ ಕೊಡುತ್ತಾರೆ. ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ ಅಳತೆ ನೋಡಿ. ಮತ್ತೆ ಈಗಲೇ ಕೊಂಡು ಮನೆಯಲ್ಲಿ ನಾಲ್ಕು ದಿನ ಹಾಕಿ ಓಡಾಡಿರಿ, ಹೊಸ ಬೂಟ್ ಮೊದಲ ದಿನ ಹಿಮ್ಮಡಿ ಕಚ್ಚುತ್ತದೆ.